ಚಾಲೂ ಮಾಡೀರೇನ್ರೀ?

ಗುಲ್ಬರ್ಗ ಇನ್ನೂ ಕಲಬುರಗಿ ಆಗಿರಲಿಲ್ಲ. ಸೂಪರ್ ಮಾರ್ಕೆಟಿನ ಹಿಂದಿನ ಓಣಿಯಲ್ಲಿ ಉಸ್ತಾದರ ಕಂಪ್ಯೂಟರ್ ರಿಪೇರಿ ಅಂಗಡಿ. ನಾನು ಅಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ಮಳೆ ಹಿಡಿಯಿತೆಂದರೆ ತೊಯ್ದ ಡಬ್ಬಿಗಳು ಬರತೊಡಗುತ್ತಿದ್ದವು. ಬಹುಪಾಲು ಮಾಳಿಗೆ ಸೋರಿದ ನೀರೇ. ಶಹಾಬಾದ್ ಪರಸಿ ಹೊದಿಸಿದ ಮನೆಗಳಲ್ಲಿ ಕಲ್ಲು ಗಟ್ಟಿ, ಸಂದಿಯ ಸಿಮೆಂಟು ಮಾತ್ರ ನಮ್ಮ ಬೇಸಿಗೆಗೆ ಬಿರಿದಿರುತ್ತಿತ್ತು.

ಉಸ್ತಾದರು ಮೊದಲು ಕೇಳುತ್ತಿದ್ದದ್ದು ಒಂದೇ: "ನೀರ್ ಬಿದ್ದಮ್ಯಾಲ ಚಾಲೂ ಮಾಡೀರೇನ್ರೀ?"

"ಇಲ್ರೀ" ಅಂದವರಿಗೆ ಚಹಾ. "ನೋಡೋಣಂತ ಒಮ್ಮೆ ಮಾಡಿದ್ವಿ" ಅಂದವರಿಗೆ ಬೈಗುಳ. ಬೈಗುಳಕ್ಕೆ ಕಾರಣವಿತ್ತು. ಬರೀ ನೀರು ಬೋರ್ಡನ್ನು ಕೊಲ್ಲುವುದಿಲ್ಲ. ನೀರಿದ್ದಾಗ ಹರಿಯುವ ಕರೆಂಟು ತಾಮ್ರದ ಗೆರೆಗಳನ್ನು ತಿಂದು ಹಸಿರು ಕಿಲುಬು ಹಿಡಿಸುತ್ತದೆ. ಪ್ಲಗ್ ಕಿತ್ತರೂ ಮದರ್‌ಬೋರ್ಡಿನ ಗುಂಡಿಯಂಥ ಸೆಲ್ ಜೀವಂತವಾಗಿಯೇ ಇರುತ್ತದಲ್ಲ, ಅದನ್ನು ಮೊದಲು ತೆಗೆಯಬೇಕು. ಆಮೇಲೆ ತೊಳೆಯುವುದು. ಬೋರಿನ ನೀರು ಒಣಗಿದರೆ ಬಿಳಿ ಉಪ್ಪು ಬಿಡುತ್ತದೆಂದು ಉಸ್ತಾದರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತರಿಸುತ್ತಿದ್ದರು. ಹಳೆಯ ಹಲ್ಲುಜ್ಜುವ ಬ್ರಷ್, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್, ಮತ್ತೆ ಟೇಬಲ್ ಫ್ಯಾನಿನ ಮುಂದೆ ಎರಡು ದಿನ. ಹಳೆಯ ಟ್ಯೂಬ್ ಮಾನಿಟರನ್ನು ಮಾತ್ರ ನಮಗೆ ಬಿಚ್ಚಲು ಬಿಡುತ್ತಿರಲಿಲ್ಲ. ಪ್ಲಗ್ ತೆಗೆದ ಮೇಲೂ ಅದು ಹೊಡೆಯುತ್ತದೆ.

2020ರ ಅಕ್ಟೋಬರ್ ಮಳೆಗೆ ಭೀಮಾ ಉಕ್ಕಿದಾಗ, ಹಳ್ಳಗಳು ಮನೆಗೆ ನುಗ್ಗಿದಾಗ ಬಂದದ್ದು ಬೇರೆಯೇ ಮಾಲು. ಕೆಸರು ತುಂಬಿದ ಲ್ಯಾಪ್‌ಟಾಪುಗಳು. ಕೆಲವನ್ನು ಅಕ್ಕಿಯಲ್ಲಿ ಹುಗಿದು ತಂದಿದ್ದರು. ಅಕ್ಕಿ ಒಳಗಿನ ಕೆಸರನ್ನು ಹೀರುತ್ತದೆಯೇ? ಅದರ ಹಿಟ್ಟು ಕೀಲಿಗಳ ಸಂದಿಗೆ ಸೇರಿಕೊಂಡಿತ್ತು, ಅಷ್ಟೇ. ರ್‍ಯಾಮೂ ಬೋರ್ಡಿಗೇ ಬೆಸೆದ ತೆಳ್ಳನೆಯ ಯಂತ್ರಗಳಲ್ಲಿ ಒಂದು ಭಾಗವನ್ನಷ್ಟೇ ಬದಲಿಸುವ ಮಾತಿಲ್ಲ. ಇಡೀ ಬೋರ್ಡ್ ಹಾಕಿಸಿ ಎನ್ನಬೇಕು. ಆ ಹಣಕ್ಕೆ ಹಳೆಯದೊಂದು ಲ್ಯಾಪ್‌ಟಾಪೇ ಬರುತ್ತದೆ. ತೊಳೆಯುವ ವಿದ್ಯೆಗೆ ಬೆಲೆ ಇಳಿದದ್ದು ಹೀಗೆ. ಇಡೀ ಬೋರ್ಡ್ ಬಿಸಾಡುವುದು ನನಗೆ ಇಂದಿಗೂ ದಂಡವೆನಿಸುತ್ತದೆ.

ಗಿರಾಕಿಗಳೂ ಯಂತ್ರದ ಗೊಡವೆ ಬಿಟ್ಟಿದ್ದರು. ಕಮಲಾಪುರದ ಫೋಟೋ ಸ್ಟುಡಿಯೋದವರೊಬ್ಬರು ಊರಿನ ಕೆಂಪು ಬಾಳೆಹಣ್ಣಿನ ಜತೆ ಹಾರ್ಡ್ ಡಿಸ್ಕ್ ಒಂದನ್ನೇ ತಂದರು. ಡಿಸ್ಕಿಗೆ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ಕೆಸರು ಒಳಹೊಕ್ಕರೆ ಒಣಗಿಸಬಾರದು, ಮಾಹಿತಿ ಇರುವ ತಟ್ಟೆಗೆ ಅಂಟಿಕೊಳ್ಳುತ್ತದೆ. ಹಸಿಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಧೂಳಿಲ್ಲದ ಕೋಣೆಯಿರುವ ಹೈದರಾಬಾದಿನ ಲ್ಯಾಬಿಗೆ ಕಳಿಸಿ ಎಂದೆ. ಖರ್ಚು ಹೊಸ ಕಂಪ್ಯೂಟರಿಗಿಂತ ಹೆಚ್ಚಾದೀತು ಅಂತಲೂ ಹೇಳಿದೆ.

"ಹನ್ನೊಂದು ಮದುವಿ ಅದಾವ್ರೀ ಅದರಾಗ," ಅಂದವರೇ ಹೈದರಾಬಾದ್ ಬಸ್ ಎಷ್ಟೊತ್ತಿಗೆಂದು ಕೇಳಿದರು.