ಕಾರಿಗೂ ಒಂದು ಪಲ್ಲಕ್ಕಿ

2001ರಲ್ಲಿ ನಮ್ಮ ಬೆಂಗಳೂರಿನ ಪುಟ್ಟ ‘ರೇವಾ’ ರಸ್ತೆಗಿಳಿದಾಗ ವಿದ್ಯುತ್ ಕಾರೆಂದರೆ ಬೆರಗು. ಈಗ ಜಯನಗರದಲ್ಲಿ ಹಸಿರು ನಂಬರ್ ಪ್ಲೇಟಿನ ಕಾರುಗಳು ದಿನವೂ ಕಾಣುತ್ತವೆ.

ಮೊನ್ನೆ ನಮ್ಮ ಬೀದಿಯಲ್ಲಿ ಅಂಥದೊಂದು ಕೆಟ್ಟು ನಿಂತಿತು. ಅದನ್ನು ಲಾರಿಯ ಮೇಲೇರಿಸುತ್ತಿದ್ದರು. “ತಾತ, ಹಗ್ಗ ಕಟ್ಟಿ ಎಳೆಯಬಾರದಾ?” ಎಂದಳು ಮೊಮ್ಮಗಳು.

ಹಳೆಯ ಅಂಬಾಸಿಡರನ್ನು ನ್ಯೂಟ್ರಲ್‌ಗೆ ಹಾಕಿ ಗ್ಯಾರೇಜಿನವರೆಗೆ ಎಳೆದದ್ದುಂಟು. ಆದರೆ ವಿದ್ಯುತ್ ಕಾರಿನ ಚಕ್ರಕ್ಕೂ ಮೋಟಾರಿಗೂ ಬಿಡದ ನಂಟು. ಚಕ್ರ ಉರುಳಿದರೆ ಮೋಟಾರೂ ತಿರುಗಿ, ಸೈಕಲ್ಲಿನ ಡೈನಮೊದಂತೆ ವಿದ್ಯುತ್ ಹುಟ್ಟುತ್ತದೆ. ಒಳಗಿನ ಭಾಗಗಳು ಬಿಸಿಯಾಗಿ ಕೆಡಬಹುದು. ಆಟೊಮ್ಯಾಟಿಕ್ ಗೇರಿನ ಹಲವು ಕಾರುಗಳಲ್ಲಿ ಎಂಜಿನ್ ನಿಂತರೆ ಗೇರಿಗೆ ಎಣ್ಣೆ ಹಾಯಿಸುವ ಪಂಪೂ ನಿಲ್ಲುತ್ತದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಕಾರಿನಲ್ಲಿ ಎರಡನ್ನು ಎತ್ತಿದರೆ ಸಾಲದು.

ಬಾಡಿಗೆ ಉಳಿಸಹೋಗಿ ಮೋಟಾರು ಕಳೆದುಕೊಳ್ಳುವುದಕ್ಕಿಂತ, ಕಾರಿಗೂ ಒಮ್ಮೆ ಪಲ್ಲಕ್ಕಿ ಸೇವೆ ಮಾಡಿಸುವುದೇ ಲೇಸು!