ನೀರಿಗೆ ಬಂದ ವಾಸನೆ

ಕಳೆದ ಬೇಸಿಗೆಯ ರಜೆಯಲ್ಲಿ ಮೊಮ್ಮಗಳು ನಮ್ಮ ಮನೆಗೆ ಬಂದಿದ್ದಳು. ನಲ್ಲಿಯಿಂದ ಹಿಡಿದ ನೀರನ್ನು ಒಂದು ಗುಟುಕು ಕುಡಿದವಳೇ ಲೋಟವನ್ನು ಕೆಳಗಿಟ್ಟು, "ತಾತ, ನಿಮ್ಮನೆ ನೀರು ಸ್ವಿಮ್ಮಿಂಗ್ ಪೂಲ್ ಥರ ಇದೆ" ಎಂದಳು. ಅದೇ ಲೋಟದಿಂದ ನಾನೂ ಕುಡಿದು ನೋಡಿದೆ. ನನಗೇನೂ ತಿಳಿಯಲಿಲ್ಲ. ಮೂವತ್ತು ವರ್ಷಗಳಿಂದ ಬೆಂಗಳೂರಿನ ಕಾವೇರಿ ನೀರಿಗೆ ಒಗ್ಗಿಹೋದ ನಾಲಗೆ ನನ್ನದು. ಅವಳ ಮನೆಯಲ್ಲಾದರೋ ನೀರು ಶುದ್ಧಮಾಡುವ ಯಂತ್ರವಿದೆ. ಅದರೊಳಗಿನ ಇದ್ದಿಲು ಕ್ಲೋರಿನ್ನನ್ನು ತೆಗೆದುಬಿಡುತ್ತದೆ.

ನಾಲಗೆ ಎಂದೆನಲ್ಲ, ಅದು ಅಷ್ಟು ಸರಿಯಲ್ಲ. ನಾವು ಕ್ಲೋರಿನ್ನಿನ ರುಚಿ ಎನ್ನುವುದು ಬಹುಪಾಲು ಮೂಗಿನ ಕೆಲಸ. ಮೂಗನ್ನು ಹಿಡಿದುಕೊಂಡು ಕುಡಿಯುವಂತೆ ಮೊಮ್ಮಗಳಿಗೆ ಹೇಳಿದೆ (ಮೇಷ್ಟರ ಚಾಳಿ ನಿವೃತ್ತಿಯಾದರೂ ಬಿಡದು). ಕುಡಿದು, ಮೂಗು ಬಿಟ್ಟೊಡನೆ "ಈಗ ಬಂತು, ಈಗ ಬಂತು" ಎಂದು ಕುಣಿದಳು. ನೀವೂ ಪರೀಕ್ಷಿಸಿ ನೋಡಬಹುದು.

ಈ ವಾಸನೆಯನ್ನು ಎಲ್ಲರೂ ಒಂದೇ ಸಮನೆ ಅರಿಯುವುದಿಲ್ಲ. ಒಂದು ಲೀಟರಿಗೆ 0.3 ಮಿಲಿಗ್ರಾಂನಷ್ಟಿದ್ದರೂ ಕೆಲವರು ಗುರುತಿಸಬಲ್ಲರು. ಬಹುಪಾಲು ಜನ 5 ಮಿಲಿಗ್ರಾಂ ತಲುಪುವುದರೊಳಗೆ ಗುರುತಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಮಾನಕದಂತೆ ಕ್ಲೋರಿನ್ ಬೆರೆಸಿದ ನೀರು ಮನೆ ತಲುಪುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. 1974ರಿಂದ ಕಾವೇರಿ ನೂರು ಕಿಲೋಮೀಟರು ದೂರದಿಂದ ಈ ಊರಿಗೆ ಏರಿ ಬರುತ್ತಿದ್ದಾಳೆ. ಅಷ್ಟು ಉದ್ದದ ಕೊಳವೆಯಲ್ಲಿ ಎಲ್ಲಿ ಬಿರುಕಿದೆಯೋ, ಎಲ್ಲಿ ಚರಂಡಿ ಪಕ್ಕದಲ್ಲಿದೆಯೋ ಯಾರು ಬಲ್ಲರು! ಉಳಿದ ಆ ಚೂರು ಕ್ಲೋರಿನ್ನೇ ದಾರಿಯ ಕಾವಲುಗಾರ.

ಇದನ್ನೆಲ್ಲ ನಾನು ಮೊದಲೇ ಅರಿತಿದ್ದೆ ಎಂದುಕೊಂಡಿದ್ದ ಕಾಲವೊಂದಿತ್ತು.

1976ರಲ್ಲಿ ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೇಷ್ಟರಾಗಿದ್ದೆ. ಮುಂಗಾರಿನ ಮೊದಲ ಮಳೆ ಬಿದ್ದ ವಾರ ಪಕ್ಕದ ಊರಿನಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ಆರೋಗ್ಯ ಇಲಾಖೆಯವರೊಬ್ಬರು ಸೈಕಲ್ಲಿನಲ್ಲಿ ಬಂದು ಒಂದು ಕಿಲೋ ಬ್ಲೀಚಿಂಗ್ ಪುಡಿಯ ಪೊಟ್ಟಣವನ್ನು ನನ್ನ ಕೈಗಿತ್ತು, "ಊರ ಬಾವಿಗೆ ಹಾಕಿಸಿಬಿಡಿ ಮೇಷ್ಟ್ರೇ" ಎಂದು ಮುಂದಿನ ಊರಿಗೆ ಹೊರಟರು. ಎಷ್ಟು ಹಾಕಬೇಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹೆಚ್ಚು ಹಾಕಿದಷ್ಟೂ ಕ್ಷೇಮವೆಂದು ಬಗೆದು ಸಂಜೆ ಪೊಟ್ಟಣವನ್ನು ಪೂರ್ತಿಯಾಗಿ ಬಾವಿಗೆ ಸುರಿದೆ. ಊರವರು ನೋಡುತ್ತಿದ್ದರು, ಇಪ್ಪತ್ಮೂರು ವರ್ಷದ ನನಗೆ ಅದೊಂದು ಹೆಮ್ಮೆ.

ಮರುದಿನ ಬೆಳಿಗ್ಗೆ ಒಂದು ಕೊಡ ಸೇದಿದ ಹೆಂಗಸು ಅದನ್ನು ಅಲ್ಲೇ ಚೆಲ್ಲಿದಳು. "ಇದೇನ್ ಮೇಷ್ಟ್ರೇ, ಬಾಯಿಗೆ ಇಡಾಕಾಗಲ್ಲ, ಅನ್ನ ಮಾಡಿದ್ರೂ ಆಸ್ಪತ್ರೆ ವಾಸ್ನೆ ಬತ್ತದೆ" ಎಂದರು. ನಾನು ಅವರಿಗೆ ಕ್ರಿಮಿಗಳ ಬಗ್ಗೆ ಭಾಷಣ ಮಾಡಿದೆ. ಅವರು ಕೇಳಿಸಿಕೊಂಡು, ಕೊಡಗಳನ್ನೆತ್ತಿಕೊಂಡು ಹಳ್ಳದ ಕಡೆ ಹೋದರು. ಅಲ್ಲಿ ಮರಳನ್ನು ಮೊಳದುದ್ದ ತೋಡಿದರೆ ಒರತೆ. ಕನ್ನಡಿಯಂತೆ ತಿಳಿ, ಎಳನೀರಿನಂಥ ಸಿಹಿ. ಅದೇ ಹಳ್ಳ ಆ ಪಕ್ಕದ ಊರನ್ನು ಬಳಸಿಕೊಂಡು ಬರುತ್ತಿತ್ತು.

ನಾಲ್ಕನೆಯ ದಿನ ನಮ್ಮ ಊರಿನಲ್ಲೂ ಶುರುವಾಯಿತು. ಹನ್ನೊಂದು ಮಂದಿ ಮಲಗಿದರು. ನನ್ನ ತರಗತಿಯ ಹುಡುಗನೊಬ್ಬನನ್ನು ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದೆವು; ಅವನು ಉಳಿದ. ಅವನ ತಂಗಿ, ಇನ್ನೂ ಶಾಲೆಗೆ ಸೇರದ ಮಗು, ಗಾಡಿ ಹೂಡುವ ಮೊದಲೇ ತೀರಿಕೊಂಡಿತ್ತು.

ಯಾರೂ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ಹುಡುಗ ಮಾತ್ರ ಶಾಲೆಗೆ ಮರಳಿದ ದಿನ, ನಾನು ಕೇಳದಿದ್ದರೂ, "ಬಾವಿ ನೀರು ನಾತ ಹೊಡೀತಿತ್ತು ಸಾರ್, ಅದಕ್ಕೇ ಅವ್ವ ಹಳ್ಳಕ್ಕೆ ಹೋದ್ಲು" ಎಂದ. ತಾಯಿಯ ಪರವಾಗಿ ನನ್ನಲ್ಲಿ ಕ್ಷಮೆ ಕೇಳುವಂತಿತ್ತು ಅವನ ದನಿ.

ಆ ಸಂಜೆ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಯ ಆಳ ಅಳೆದೆ. ಅಡ್ಡಗಲ ಮೂರು ಮೀಟರು, ನೀರು ಮೂರು ಮೀಟರು. ಸಿಲಿಂಡರಿನ ಘನಫಲವನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದವನು ನಾನು. ಸುಮಾರು ಇಪ್ಪತ್ತೊಂದು ಸಾವಿರ ಲೀಟರು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪುಡಿ ಸಾಕೆಂದು ತಾಲ್ಲೂಕಿನ ವೈದ್ಯರಿಂದ ಆಮೇಲೆ ತಿಳಿಯಿತು. ಅಂದರೆ ಐವತ್ತಮೂರು ಗ್ರಾಂ. ಅದನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು, ಗಂಟೆ ಹೊತ್ತು ಕಾಯಬೇಕಿತ್ತು. ನಾನು ಹಾಕಿದ್ದು ಅದರ ಹತ್ತೊಂಬತ್ತು ಪಟ್ಟು. ಜನರಿಗೆ ತಿಳಿವಳಿಕೆಯಿಲ್ಲವೆಂದು ಎಷ್ಟು ಸುಲಭವಾಗಿ ಅಂದುಬಿಟ್ಟಿದ್ದೆ! ಅವರ ಮೂಗು ಸರಿಯಾಗಿಯೇ ಇತ್ತು.

ಮುಂದಿನ ಮಳೆಗಾಲ ತೂಕ ಮಾಡಿ ಹಾಕಿದೆ. ಒಂದೆರಡು ದಿನ ಗೊಣಗಿದರು, ಆಮೇಲೆ ಮರೆತರು. ಆದರೆ ಆ ಮನೆಯವರು ಮಾತ್ರ ನಾನು ವರ್ಗವಾಗಿ ಹೊರಡುವವರೆಗೂ ಬಾವಿಯ ಕಡೆ ಸುಳಿಯಲಿಲ್ಲ.

ಇದನ್ನು ಮೊಮ್ಮಗಳಿಗೆ ಹೇಳಲಿಲ್ಲ. ರಾತ್ರಿ ಬಾಯಗಲದ ಪಾತ್ರೆಯಲ್ಲಿ ನೀರು ಹಿಡಿದು ತೆಳುಬಟ್ಟೆ ಮುಚ್ಚಿಟ್ಟೆ. ಬೆಳಗಾಗುವುದರೊಳಗೆ ವಾಸನೆ ಹಾರಿಹೋಗಿರುತ್ತದೆ (ಹಾಗೆಯೇ ಕಾವಲೂ ಹೋಗಿರುತ್ತದೆ, ಅಂಥ ನೀರನ್ನು ಆ ದಿನವೇ ಮುಗಿಸಬೇಕು). "ಈಗ ಚೆನ್ನಾಗಿದೆ ತಾತ" ಎಂದು ಅವಳು ಪೂರ್ತಿ ಲೋಟ ಕುಡಿದಳು. ನಾನು ನಲ್ಲಿಯ ಕೆಳಗೆ ನನ್ನ ಲೋಟ ಹಿಡಿದು, ಕುಡಿಯುವ ಮುನ್ನ ಮೂಗಿನ ಬಳಿಗೆ ತಂದೆ. ಎರಡು ಮೂರು ಸಲ ಉಸಿರೆಳೆದ ಮೇಲೆ, ಎಲ್ಲೋ ಸ್ವಲ್ಪ ಇದ್ದಂತೆ ತೋರಿತು.