11.05ರ ಬಸ್ಸು

ನೆಂಟರ ಮದುವೆಗಳಲ್ಲಿ ನನಗೆ ಫಜೀತಿಯಾಗುವುದು ಊಟದ ಪಂಕ್ತಿಯಲ್ಲಿ. ಪಕ್ಕದಲ್ಲಿ ಕೂತ ಹಿರಿಯರು ಪಾಯಸ ಬರುವುದರೊಳಗೆ "ಈಗೇನು ಮಾಡ್ಕೊಂಡಿದೀಯಮ್ಮಾ?" ಎಂದು ಕೇಳಿಯೇ ಕೇಳುತ್ತಾರೆ. "ಲೀಡರ್‌ಶಿಪ್ ಕೋಚ್" ಅಂದರೆ ಮುಂದಿನ ಪ್ರಶ್ನೆ, "ಯಾವ ಆಟಕ್ಕೆ?"

ಅವರು ಕೇಳುವುದರಲ್ಲಿ ತಪ್ಪೇನಿಲ್ಲ. ಈ ವೃತ್ತಿಯ ಒಂದು ಬೇರು ಆಟದ ಮೈದಾನದಲ್ಲೇ ಇದೆ. ತಿಮೊಥಿ ಗಾಲ್ವೆ ಎಂಬ ಅಮೆರಿಕದ ಟೆನಿಸ್ ತರಬೇತುದಾರ 1974ರಲ್ಲಿ 'ದಿ ಇನ್ನರ್ ಗೇಮ್ ಆಫ್ ಟೆನಿಸ್' ಎಂಬ ಪುಸ್ತಕ ಬರೆದ. ಎದುರಿನವನಿಗಿಂತ ತನ್ನ ತಲೆಯೊಳಗಿನ ಗಲಾಟೆಯೇ ಆಟಗಾರನನ್ನು ಸೋಲಿಸುತ್ತದೆ, ಕೋಚ್ ಆದವನು ಸೂಚನೆಗಳನ್ನು ಕಡಿಮೆ ಮಾಡಿ ಆಟಗಾರ ಚೆಂಡನ್ನು ಸರಿಯಾಗಿ ಗಮನಿಸುವಂತೆ ಮಾಡಿದರೆ ಸಾಕು ಎನ್ನುವುದು ಅವನ ವಾದ. ಕಾರ್ ರೇಸ್ ಓಡಿಸುತ್ತಿದ್ದ ಇಂಗ್ಲೆಂಡಿನ ಜಾನ್ ವಿಟ್ಮೋರ್ ಇದೇ ವಿಚಾರವನ್ನು ಆಫೀಸುಗಳಿಗೆ ತಂದವರಲ್ಲಿ ಒಬ್ಬ. ಇಷ್ಟನ್ನೆಲ್ಲ ಪಂಕ್ತಿಯಲ್ಲಿ ವಿವರಿಸಲಾಗುವುದಿಲ್ಲವಾದ್ದರಿಂದ ನಾನು "ಕಂಪನಿ ಕೆಲಸ" ಎಂದು ಹೇಳಿ ಹೋಳಿಗೆಯ ಕಡೆ ತಿರುಗುತ್ತೇನೆ.

ಕಂಪನಿಯಲ್ಲಿ ಏನಾದರೂ ದೊಡ್ಡದು ಬದಲಾಗುವಾಗ ನನ್ನನ್ನು ಕರೆಸುತ್ತಾರೆ. ಎರಡು ವಿಭಾಗಗಳು ಒಂದಾಗುವುದು, ಹೊಸ ಸಾಫ್ಟ್‌ವೇರ್, ಹೊಸ ಮಾಲೀಕರು, ಹೀಗೆ. ಮೇಲಿನವರ ಜೊತೆ ಎರಡು ವಾರಕ್ಕೊಮ್ಮೆ ಒಬ್ಬೊಬ್ಬರಾಗಿ ಒಂದು ಗಂಟೆ, ಉಳಿದವರ ಜೊತೆ ಗುಂಪಿನಲ್ಲಿ ಒಂದೆರಡು ದಿನ. ಬುದ್ಧಿ ಹೇಳುವ ಹಾಗಿಲ್ಲ, ಪ್ರಶ್ನೆ ಕೇಳಬೇಕು, ಕೇಳಿದ ಮೇಲೆ ಸುಮ್ಮನಿರಬೇಕು. "ಸುಮ್ಮನಿರೋಕೂ ದುಡ್ಡು ಕೊಡ್ತಾರಾ?" ಎಂದು ಅಮ್ಮ ಕೇಳಿದ್ದಳು. ಕೊಡುತ್ತಾರೆ, ಬಿಲ್ ಕಳಿಸಿದ ತೊಂಬತ್ತು ದಿನಕ್ಕೆ.

ನನ್ನನ್ನು ಕರೆಸುವವರು ಮೊದಲ ಭೇಟಿಯಲ್ಲೇ ಬಳಸುವ ಒಂದು ಪದವಿದೆ, 'ರೆಸಿಸ್ಟೆನ್ಸ್'. "ನಮ್ಮ ಜನರಲ್ಲಿ ರೆಸಿಸ್ಟೆನ್ಸ್ ಜಾಸ್ತಿ ಮೇಡಂ." ನೆಗಡಿ ಜಾಸ್ತಿ ಎನ್ನುವ ಧಾಟಿ. ಆಮೇಲೆ ಗೋಡೆಯ ಮೇಲೆ ಒಂದು ಸ್ಲೈಡ್ ಮೂಡುತ್ತದೆ. ಹಳ್ಳಕ್ಕಿಳಿದು ಮೇಲೇರುವ ಒಂದು ಗೆರೆ, ಅದರ ಉದ್ದಕ್ಕೂ ನಿರಾಕರಣೆ, ಸಿಟ್ಟು, ಖಿನ್ನತೆ, ಕೊನೆಗೆ ಒಪ್ಪಿಗೆ. ಈ ಹಂತಗಳು ಬಂದಿರುವುದು ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಬರೆದ ಪುಸ್ತಕದಿಂದ. ಆ ವೈದ್ಯೆ ಮಾತಾಡಿಸಿದ್ದು ಸಾಯುತ್ತಿರುವ ರೋಗಿಗಳನ್ನು. ಮ್ಯಾನೇಜ್‌ಮೆಂಟಿನವರು ಅದೇ ಗೆರೆಯನ್ನು ತೋರಿಸಿ "ಇವರು ಮಾರ್ಚ್ 31ರೊಳಗೆ ಒಪ್ಪಿಗೆಗೆ ಬರ್ತಾರಾ?" ಎಂದು ಕೇಳುವಾಗ ನನಗೆ ನಗು ತಡೆಯುವುದೇ ಕಷ್ಟ.

ಆ ಗೆರೆಯ ಮೇಲೆ ನನಗೆ ನಿಜವಾದ ಅನುಮಾನ ಹುಟ್ಟಿಸಿದವರು ಕರಾವಳಿಯ ಒಬ್ಬ ಬ್ಯಾಂಕ್ ಅಧಿಕಾರಿ.

ನಮ್ಮ ರಾಜ್ಯಕ್ಕೆ ಬ್ಯಾಂಕುಗಳ ವಿಲೀನ ಹೊಸದೇನಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐನಲ್ಲಿ ಸೇರಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಕರಗಿದವು. ಉಡುಪಿ, ಮಂಗಳೂರಿನವರಿಗೆ ಇವು ಬರೀ ಬೋರ್ಡುಗಳಾಗಿರಲಿಲ್ಲ. ಸಿಂಡಿಕೇಟಿನ ಪಿಗ್ಮಿ ಏಜೆಂಟರು 1928ರಿಂದ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಉಳಿತಾಯ ಕಟ್ಟಿಸಿಕೊಂಡು ಹೋಗುತ್ತಿದ್ದರು. ಮಕ್ಕಳ ಫೀಸು, ಮಗಳ ಬಳೆ ಎಲ್ಲ ಅದರಿಂದಲೇ.

ಹೀಗೆ ಒಂದು ವಿಲೀನ ದಾಟಿ ಬಂದವರ ಗುಂಪಿನಲ್ಲಿ ಅವರಿದ್ದರು. ಬ್ಯಾಂಕಿನ ಹೆಸರು ಇಲ್ಲಿ ಬೇಡ. ಬೆಳಿಗ್ಗೆಯಿಂದ ಮಾತಾಡಿರಲಿಲ್ಲ. ಮಧ್ಯಾಹ್ನದ ಮೇಲೆ, ನೀವು ಕಳೆದುಕೊಂಡದ್ದೇನು ಎಂದು ಕೇಳಿದಾಗ, ತಮ್ಮ ಹಳೆಯ ಸ್ಟಾಫ್ ನಂಬರ್ ಎಂದರು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರಂತೆ. ಈಗಿನದನ್ನು ಕಾರ್ಡ್ ನೋಡಿ ಬರೆಯಬೇಕು. ಎಲ್ಲರೂ ನಕ್ಕರು, ಅವರೂ ನಕ್ಕರು. ನಾನು ಬೋರ್ಡಿನ ಮೇಲೆ 'ಬೇಸರ' ಎಂದು ಬರೆಯಲು ತಿರುಗಿದೆ.

"ಮೇಡಂ, ಅದನ್ನು ಬರೀಬೇಡಿ," ಅಂದರು. "ಬೇಸರ ಉಂಟು. ಅದು ನನ್ನದು, ನಾನು ನೋಡಿಕೊಳ್ತೇನೆ. ಎರಡು ಬ್ಯಾಂಕಿನ ಸೀನಿಯಾರಿಟಿ ಪಟ್ಟಿ ಒಟ್ಟು ಮಾಡಿದ್ದಾರಲ್ಲ, ಅದರಲ್ಲಿ ನಾನೆಲ್ಲಿದ್ದೇನೆ ಅಂತ ಯಾರೂ ಹೇಳ್ತಾ ಇಲ್ಲ. ಅದನ್ನು ಬರೀರಿ ಮಾರಾಯ್ರೆ."

ಬರೆದೆ. ಒಂದು ಪಟ್ಟಿಯ ಬಗ್ಗೆ ನ್ಯಾಯವಾದ ಪ್ರಶ್ನೆ ಕೇಳಿದವರನ್ನು ಎದೆ ಮುಟ್ಟಿಕೊಂಡು "ನಿಮಗೆ ಹೇಗನ್ನಿಸ್ತಿದೆ?" ಎಂದು ವಿಚಾರಿಸಿ ಮನೆಗೆ ಕಳಿಸಿಬಿಡುವುದು ನನ್ನ ವೃತ್ತಿಯಲ್ಲಿ ತೀರಾ ಸುಲಭ. ನೋಡುವವರಿಗೆ ಅದು ಕರುಣೆಯಂತೆಯೇ ಕಾಣುತ್ತದೆ. ಕರೆಸಿದವರಿಗೂ ಅದೇ ಅನುಕೂಲ, ಪಟ್ಟಿಗೆ ಉತ್ತರ ಕೊಡಬೇಕಾದ ತಾಪತ್ರಯವಿಲ್ಲ.

ಈ ವಿಷಯದಲ್ಲಿ ನಾನು ಹೆಚ್ಚು ನಂಬುವುದು ಕರ್ಟ್ ಲೆವಿನ್‌ನನ್ನು. 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕ ಸೇರಿದ ಯಹೂದಿ ಮನಶ್ಶಾಸ್ತ್ರಜ್ಞ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಅಲ್ಲಿ ಮಾಂಸದ ಕೊರತೆ. ಗೃಹಿಣಿಯರು ಗುಂಡಿಗೆ, ಮೂತ್ರಪಿಂಡದಂಥ ಭಾಗಗಳನ್ನೂ ಅಡುಗೆಗೆ ಬಳಸಲಿ ಎಂಬುದು ಸರ್ಕಾರದ ಆಸೆ. ಲೆವಿನ್ ಕೆಲವು ಗುಂಪುಗಳಿಗೆ ಒಳ್ಳೆಯ ಉಪನ್ಯಾಸ ಕೊಡಿಸಿದ. ಇನ್ನು ಕೆಲವರನ್ನು ತಾವೇ ಚರ್ಚಿಸಿ ಕೈಯೆತ್ತಿ ತೀರ್ಮಾನಿಸಲು ಬಿಟ್ಟ. ಹಿಂದೆಂದೂ ಬಡಿಸದಿದ್ದ ಮಾಂಸವನ್ನು ಆಮೇಲೆ ಮನೆಯಲ್ಲಿ ಬಡಿಸಿದವರು ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ 3 ಮಂದಿ, ಚರ್ಚಿಸಿದವರಲ್ಲಿ 32.

ತರಬೇತಿಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ, ಚರ್ಚೆ ಮಾಡಿಸಿದರೆ ಜನ ಒಪ್ಪುತ್ತಾರೆ ಎಂಬ ಅರ್ಥದಲ್ಲಿ. ಆ ಚರ್ಚೆಯೊಳಗೆ ಏನು ನಡೆಯಿತು ಎಂಬುದು ನನಗೆ ಮುಖ್ಯ. ಬೇಯುವಾಗ ವಾಸನೆ ಬರುತ್ತದೆ, ಗಂಡ ಮುಟ್ಟುವುದಿಲ್ಲ ಎಂದು ಆ ಹೆಂಗಸರು ಹೇಳಿದರು. ಆ ತೊಡಕುಗಳಿಗೆ ಪರಿಹಾರ, ಅಡುಗೆಯ ವಿಧಾನ ಎರಡೂ ಅಲ್ಲೇ ಸಿಕ್ಕವು. ಜನರನ್ನು ಹಿಂದಿನಿಂದ ಇನ್ನಷ್ಟು ತಳ್ಳುವ ಬದಲು ಮುಂದೆ ಅಡ್ಡ ಇರುವುದನ್ನು ತೆಗೆಯಿರಿ ಎಂಬುದು ಲೆವಿನ್‌ನ ವಿಚಾರ. ಒಂದು ಮುಳ್ಳು ಇಲ್ಲೂ ಇದೆ. ಗುಂಡಿಗೆ ಬೇಯಿಸಬೇಕೇ ಬೇಡವೇ ಎಂಬುದನ್ನು ಆ ಹೆಂಗಸರು ಸೇರುವ ಮುಂಚೆಯೇ ಯಾರೋ ನಿರ್ಧರಿಸಿದ್ದರು. ನಾನು ನಡೆಸುವ ಸಭೆಗಳಲ್ಲೂ ಸಾಮಾನ್ಯವಾಗಿ ಹಾಗೆಯೇ. ಅದನ್ನು ನಾನು ಮೊದಲ ಹತ್ತು ನಿಮಿಷದಲ್ಲೇ ಹೇಳಿಬಿಡುತ್ತೇನೆ: ಇದು ಆಗುವುದು ಖಂಡಿತ, ಹೇಗೆ ಆಗಬೇಕು ಎಂಬುದರಲ್ಲಿ ಮಾತ್ರ ನಿಮ್ಮ ಮಾತು ನಡೆಯಬಹುದು. ಕೆಲವರು ಆ ಕ್ಷಣವೇ ಫೋನ್ ತೆಗೆಯುತ್ತಾರೆ. ತೆಗೆಯಲಿ.

ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಲಾಗ್ ಬುಕ್ ತೆಗೆದು ಟ್ಯಾಬ್ ಕೊಟ್ಟಿದ್ದರು. ಸೆಕೆಂಡ್ ಶಿಫ್ಟಿನ ಸೂಪರ್‌ವೈಸರುಗಳು ಅದನ್ನು ಅರ್ಧಂಬರ್ಧ ತುಂಬುತ್ತಿದ್ದರು. ಹನ್ನೆರಡು ಜನ. ಮನೋಭಾವ ಬದಲಿಸಬೇಕು ಎಂದು ನನ್ನನ್ನು ಕರೆಸಿದರು. ಎರಡನೆಯ ಭೇಟಿ ಮುಗಿಸಿ ಹೊರಡುವಾಗ ಅಲ್ಲಿನ ಎಚ್‌ಆರ್ ಮುಖ್ಯಸ್ಥರು ಕಾಫಿ ತರಿಸಿ, ಬಾಗಿಲು ಮುಚ್ಚಿ, "ಯಾರ‍್ಯಾರು ಅಡ್ಡ ಹಾಕ್ತಿದಾರೆ ಅಂತ ಒಂದು ಲಿಸ್ಟ್ ಕೊಡಿ ಮೇಡಂ, ಬಾಯಲ್ಲಿ ಹೇಳಿದ್ರೂ ಸಾಕು" ಎಂದರು.

ಅಂಥ ಪಟ್ಟಿ ಕೊಡುವ ಹಾಗಿಲ್ಲ. ನಾವು ಸಹಿ ಮಾಡಿದ ಕರಾರಿನ ಎರಡನೆಯ ಪುಟದಲ್ಲೇ ಅದು ಇತ್ತು. ಹಾಗೆಂದೆ.

"ಹಾಗಾದ್ರೆ ನಿಮ್ಮಿಂದ ನಮಗೇನು ಉಪಯೋಗ?"

ಒರಟಾಗಿ ಕೇಳಲಿಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದರು. ಅವರ ಮೇಲೂ ಒಬ್ಬರಿದ್ದರು, ಅವರಿಗೂ ಒಂದು ಮಾರ್ಚ್ 31 ಇತ್ತು.

ಗುಂಪಿನವರ ಒಪ್ಪಿಗೆ ಕೇಳಿಕೊಂಡೇ ಬಂದಿದ್ದ ಒಂದು ವಿಷಯ ನನ್ನ ಬಳಿ ಇತ್ತು. ಸೆಕೆಂಡ್ ಶಿಫ್ಟ್ ಬಿಡುವುದು ರಾತ್ರಿ 11ಕ್ಕೆ. ಕಂಪನಿಯ ಬಸ್ಸು ಹೊರಡುವುದು 11.05ಕ್ಕೆ. ಲಾಗ್ ಬುಕ್ಕಿಗೆ ಎರಡು ಸಾಲು ಗೀಚಿ ಓಡಬಹುದಿತ್ತು. ಟ್ಯಾಬ್ ತುಂಬಲು ಇಪ್ಪತ್ತು ನಿಮಿಷ ಬೇಕು. ಬಸ್ಸು ತಪ್ಪಿದರೆ ನೆಲಮಂಗಲದ ಕಡೆಯವರು ಆಟೋಗೆ ಕೊಡುವ ದುಡ್ಡು ಕೈಯಿಂದ. ಒಂಬತ್ತು ಜನ ಹೇಳಿದ್ದು ಇದನ್ನೇ. ಉಳಿದ ಮೂವರ ಬಳಿ ಸ್ವಂತ ಬೈಕ್ ಇತ್ತು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ನು ತೆಗೆದು, "ಹನ್ನೊಂದು ಐದಾ?" ಎಂದು ಇನ್ನೊಮ್ಮೆ ಕೇಳಿ ಬರೆದುಕೊಂಡರು. ಲಿಸ್ಟಿನ ಮಾತು ಮತ್ತೆ ಎತ್ತಲಿಲ್ಲ.

ಎರಡನೆಯ ಹಂತದ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೊದಲ ಹಂತದ ಹಣ ತೊಂಬತ್ತು ದಿನಕ್ಕೆ ಸರಿಯಾಗಿ ಬಂತು. ಆ ತಿಂಗಳು ಬೇರೆ ಕೆಲಸ ಇರಲಿಲ್ಲ. ಒಂದು ಸಂಜೆ ಸೂಪರ್‌ವೈಸರುಗಳಲ್ಲಿ ಒಬ್ಬರು ವಾಟ್ಸ್‌ಆ್ಯಪಿನಲ್ಲಿ ಒಂದು ಫೋಟೊ ಕಳಿಸಿದರು, ನೋಟಿಸ್ ಬೋರ್ಡಿನದು. ಬಸ್ಸು ಇನ್ನು ಮುಂದೆ 11.30ಕ್ಕೆ. ಕೆಳಗೆ ಯಾರೋ ಪೆನ್ಸಿಲಿನಲ್ಲಿ 'ಭಾನುವಾರ?' ಎಂದು ಬರೆದಿದ್ದರು.